ಹಾಸನದಂಥ ಊರಿಗೆ ಇವಿ ಚಾರ್ಜಿಂಗ್ ಜಾಲ: ಸಮೀಕ್ಷೆಯಿಂದ ಕರಾರಿನವರೆಗೆ

ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ (ಇವಿ) ನೀತಿ ತಂದ ರಾಜ್ಯ ನಮ್ಮದು. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳ ಲೆಕ್ಕದಲ್ಲೂ 2024ರಲ್ಲಿ ಕರ್ನಾಟಕವೇ ಮುಂದಿತ್ತು. ಒಟ್ಟು 5,700ಕ್ಕೂ ಹೆಚ್ಚು. ಆದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಮಿಕ್ಕಿದ್ದನ್ನು ಉಳಿದ ಎಲ್ಲ ಜಿಲ್ಲೆಗಳೂ ಹಂಚಿಕೊಂಡವು.

ಈ ಬರಹ ಆ ಉಳಿದ ಜಿಲ್ಲೆಗಳಿಗೆ. ನೀವು ನಗರಾಡಳಿತದ ಸದಸ್ಯರೋ, ಎಂಜಿನಿಯರೋ, ಆಟೊ ಸಂಘದವರೋ, ಹೆದ್ದಾರಿ ಬದಿಯ ಹೋಟೆಲ್ ಮಾಲೀಕರೋ ಆಗಿರಬಹುದು. ಊರಿಗೆ ಚಾರ್ಜಿಂಗ್ ವ್ಯವಸ್ಥೆ ಬರಬೇಕು, ಅದು ಬಾಳಬೇಕು, ಉಳ್ಳವರಿಗೆ ಮಾತ್ರ ಆಗಬಾರದು ಅನ್ನುವ ಆಸೆ ಇದ್ದರೆ ಸಾಕು. ಉದಾಹರಣೆಗೆ ಹಾಸನವನ್ನು ಹಿಡಿದಿದ್ದೇನೆ. ಬೆಂಗಳೂರು–ಮಂಗಳೂರು ಹೆದ್ದಾರಿ ಇಲ್ಲಿದೆ, ಪಕ್ಕದಲ್ಲೇ ಘಾಟಿ ಇದೆ, ಬೇಲೂರು–ಹಳೇಬೀಡಿನ ಪ್ರವಾಸಿಗಳಿದ್ದಾರೆ, ವರ್ಷಕ್ಕೊಮ್ಮೆ ಹಾಸನಾಂಬೆಯ ಜನಸಾಗರವೂ ಬರುತ್ತದೆ. ಒಂದು ಜಾಲಕ್ಕೆ ಎದುರಾಗುವ ಕಷ್ಟಗಳೆಲ್ಲ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ.

ಹಂತ 1: ಏನನ್ನು ಎಣಿಸಬೇಕು ಅಂತ ಮೊದಲೇ ತೀರ್ಮಾನಿಸಿ

ಬಹಳಷ್ಟು ಯೋಜನೆಗಳು ದಾರಿ ತಪ್ಪುವುದು ಇಲ್ಲೇ. "ಊರಿಗೆ 25 ಚಾರ್ಜರ್" ಅಂತ ಗುರಿ ಇಟ್ಟರೆ 25 ಪೆಟ್ಟಿಗೆಗಳು ಬರುತ್ತವೆ. ಟೇಪು ಕತ್ತರಿಸುತ್ತಾರೆ, ಫೋಟೊ ಬರುತ್ತದೆ. ಆರು ತಿಂಗಳ ಮೇಲೆ ಅವುಗಳಲ್ಲಿ ಎಷ್ಟು ನಡೆಯುತ್ತಿವೆ ಅಂತ ಕೇಳುವವರು ಇರುವುದಿಲ್ಲ.

ಗುರಿಯನ್ನು ಹೀಗೆ ಬರೆದುಕೊಳ್ಳಿ: ಚಾರ್ಜ್ ಮಾಡಲು ಬಂದ ನೂರು ಜನರಲ್ಲಿ ಎಷ್ಟು ಮಂದಿ ಮೊದಲ ಪ್ರಯತ್ನಕ್ಕೇ ಬೇಕಾದಷ್ಟು ಚಾರ್ಜ್ ಮಾಡಿಕೊಂಡು ಹೋದರು?

ಕಂಪನಿಗಳು ಹೇಳುವ 'ಅಪ್‌ಟೈಮ್' ಬೇರೆ ಲೆಕ್ಕ. ಪೆಟ್ಟಿಗೆಗೆ ಕರೆಂಟ್ ಇದೆ, ಸರ್ವರ್ ಜೊತೆ ಮಾತಾಡುತ್ತಿದೆ ಅಂದರೆ ಅದು 'ಅಪ್'. ಗಾಡಿಗೆ ಚುಚ್ಚುವ ಗನ್‌ನ ಪಿನ್ ಬಾಗಿದೆಯಾ, ಸ್ಕ್ರೀನ್ ಬಿಸಿಲಿಗೆ ಮಂಕಾಗಿದೆಯಾ, ಹಣ ಕಟ್ಟಿದರೂ ಶುರುವಾಗುವುದಿಲ್ಲವಾ ಅನ್ನುವುದೆಲ್ಲ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 657 ಗನ್‌ಗಳನ್ನು ಖುದ್ದಾಗಿ ಹೋಗಿ ನೋಡಿದ ಅಧ್ಯಯನವೊಂದು 2022ರಲ್ಲಿ ಬಂತು. ಕಂಪನಿಗಳು ಹೇಳಿಕೊಳ್ಳುತ್ತಿದ್ದದ್ದು ಶೇ 95ರಿಂದ 98. ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಶೇ 72.5. ಕೆಲವು ಕಡೆ ಕೇಬಲ್ ಗಿಡ್ಡವಾಗಿ ಕಾರಿಗೆ ನಿಲುಕುತ್ತಲೇ ಇರಲಿಲ್ಲ!

ಶೇಕಡಾವಾರು ಅಂಕಿಯನ್ನು ದಿನಗಳಿಗೆ ಬದಲಿಸಿ ನೋಡುವ ಅಭ್ಯಾಸ ಇರಲಿ. ಶೇ 97 ಅಂದರೆ ಕೇಳಲು ಚೆನ್ನಾಗಿದೆ, ಆದರೆ ವರ್ಷಕ್ಕೆ ಸುಮಾರು 11 ದಿನ ಬಂದ್. ಶೇ 99 ಅಂದರೆ ಮೂರೂವರೆ ದಿನ ಚಿಲ್ಲರೆ. ಅಮೆರಿಕ ಸರ್ಕಾರ ತನ್ನ ಹೆದ್ದಾರಿ ಯೋಜನೆಗೆ ಶೇ 97 ಕೇಳಿತು. ಬ್ರಿಟನ್ 2023ರ ನಿಯಮದಲ್ಲಿ ವೇಗದ ಚಾರ್ಜರ್‌ಗಳ ಜಾಲಕ್ಕೆ ಶೇ 99 ಕಡ್ಡಾಯ ಮಾಡಿತು.

ಆ 11 ದಿನ ಯಾರ ಪಾಲಿಗೆ ಬೀಳುತ್ತವೆ ಅನ್ನುವುದೇ ಮುಖ್ಯ. ಮನೆಯಲ್ಲಿ ಪಾರ್ಕಿಂಗ್, ಪ್ಲಗ್ ಎರಡೂ ಇರುವವರಿಗೆ ಊರಿನ ಚಾರ್ಜರ್ ಕೆಟ್ಟರೆ ಸ್ವಲ್ಪ ಕಿರಿಕಿರಿ, ಅಷ್ಟೇ. ಬಾಡಿಗೆ ಮನೆಯ ಆಟೊ ಚಾಲಕನಿಗೆ ಅವತ್ತಿನ ದುಡಿಮೆಯೇ ಹೋಯಿತು. ಹಾಗಾಗಿ ಸಮಾನತೆಗೆ ಒಂದು ಫೈಲು, ರಿಪೇರಿಗೆ ಇನ್ನೊಂದು ಫೈಲು ಅಂತ ಮಾಡಬೇಡಿ. ಎರಡೂ ಒಂದೇ ಕೆಲಸ. ಊರಿನ ಚಾರ್ಜರ್ ಮೇಲೆಯೇ ಹೆಚ್ಚು ಅವಲಂಬಿಸಿದವರ ಕಡೆಯಿಂದ ನೋಡಿದರೆ ಉಳಿದ ತೀರ್ಮಾನಗಳು ಸುಲಭವಾಗುತ್ತವೆ.

ಹಂತ 2: ಸಮೀಕ್ಷೆ ಮಾಡಿ, ಆದರೆ ಬರೀ ಆರ್‌ಟಿಒ ಲೆಕ್ಕ ನಂಬಬೇಡಿ

ಹಾಸನದ ಕೆಎ-13, ಸಕಲೇಶಪುರದ ಕೆಎ-46 ನೋಂದಣಿ ಅಂಕಿಗಳನ್ನು ತೆಗೆದುಕೊಳ್ಳಿ. ಎಷ್ಟು ಸ್ಕೂಟರ್, ಎಷ್ಟು ಆಟೊ, ಎಷ್ಟು ಕಾರು ಅಂತ ಗೊತ್ತಾಗುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಬೆಂಗಳೂರಿನ ನಂಬರಿನ ಗಾಡಿ ಇಲ್ಲೇ ಓಡಾಡುತ್ತಿರುತ್ತದೆ. ಹೆದ್ದಾರಿಯಲ್ಲಿ ಹಾದುಹೋಗುವವರು ಈ ಲೆಕ್ಕದಲ್ಲಿ ಇರುವುದೇ ಇಲ್ಲ. ಇನ್ನು ಚಾರ್ಜಿಂಗ್ ಇಲ್ಲ ಅಂತಲೇ ಇವಿ ತೆಗೆದುಕೊಳ್ಳದೆ ಕೂತವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅದಕ್ಕೇ ಆಟೊ ಸ್ಟ್ಯಾಂಡ್, ಸಂತೆ, ಡೆಲಿವರಿ ಹುಡುಗರು ಕಾಯುವ ಹೋಟೆಲ್ ಮುಂಭಾಗ, ಆಸ್ಪತ್ರೆ ಪಾರ್ಕಿಂಗ್, ಇಲ್ಲೆಲ್ಲ ನಿಂತು ಕೇಳಬೇಕು. ಸ್ಥಳೀಯ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಈ ಕೆಲಸ ಚೆನ್ನಾಗಿ ಮಾಡುತ್ತಾರೆ. "ನಿಮಗೆ ಚಾರ್ಜಿಂಗ್ ಸ್ಟೇಷನ್ ಬೇಕಾ?" ಅಂತ ಕೇಳಿಸಬೇಡಿ. ಬೇಡ ಅಂತ ಯಾರು ಹೇಳುತ್ತಾರೆ? ನಿನ್ನೆ ಏನು ಮಾಡಿದರು ಅಂತ ಕೇಳಬೇಕು. ಮಾತು ಹೀಗೆ ಸಾಗಬಹುದು:

"ನಿನ್ನೆ ಚಾರ್ಜ್ ಎಲ್ಲಿ ಹಾಕಿದ್ರಿ ಅಣ್ಣ?"

"ತಂಗಿ ಮನೇಲಮ್ಮ. ನಮ್ಮದು ಮೇಲ್ಗಡೆ ಮನೆ, ಓನರು ವೈರ್ ಎಳೆಯೋದು ಬೇಡ ಅಂದ್ರು."

"ಅಲ್ಲಿಂದ ಮನೆಗೆ?"

"ನಡ್ಕೊಂಡು. ಬೆಳಿಗ್ಗೆ ಐದಕ್ಕೆ ಮತ್ತೆ ಅಲ್ಲಿಗೆ ನಡ್ಕೊಂಡೇ ಹೋಗ್ತೀನಿ."

"ಮಧ್ಯಾಹ್ನ ಚಾರ್ಜ್ ಹಾಕೋಕೆ ಟೈಮ್ ಸಿಗುತ್ತಾ?"

"ಸ್ಕೂಲ್ ಮಕ್ಕಳನ್ನ ಬಿಟ್ಟ ಮೇಲೆ ಹನ್ನೊಂದರಿಂದ ಮೂರು ಗಂಟೆವರೆಗೂ ಸುಮ್ನೆ ನಿಂತಿರ್ತೀನಿ."

ಈ ಮೂರು ಪ್ರಶ್ನೆಗಳಲ್ಲಿ ಜಾಗ, ಹೊತ್ತು, ಎಷ್ಟು ವೇಗದ ಚಾರ್ಜರ್ ಬೇಕು ಎಲ್ಲವೂ ಸಿಕ್ಕಿತು. ನಾಲ್ಕು ಗಂಟೆ ಬಿಡುವಿರುವವರಿಗೆ ದುಬಾರಿಯಾದ, ವೇಗದ ಡಿಸಿ ಚಾರ್ಜರ್ ಬೇಡವೇ ಬೇಡ. ಸ್ಟ್ಯಾಂಡ್ ಪಕ್ಕ ಒಂದು ಭದ್ರವಾದ 3.3 ಕಿಲೋವ್ಯಾಟ್ ಪಾಯಿಂಟ್ ಸಾಕು.

ಸಮೀಕ್ಷೆಯಲ್ಲಿ ಇನ್ನೂ ಎರಡು ಕಾಲಂ ಇರಲಿ. ಒಂದು, ಸ್ಮಾರ್ಟ್‌ಫೋನ್ ಇದೆಯಾ, ಯುಪಿಐ ಬಳಸುತ್ತಾರಾ. ಇನ್ನೊಂದು, ಕತ್ತಲಾದ ಮೇಲೆ ಯಾವ ಜಾಗಕ್ಕೆ ಹೋಗಲು ಹಿಂಜರಿಯುತ್ತಾರೆ. ಎರಡನೆಯದನ್ನು ಹೆಂಗಸರ ಹತ್ತಿರ ಹೆಂಗಸರೇ ಕೇಳಲಿ.

ಹಂತ 3: ಲೆಕ್ಕ ಹಾಕಿ

ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಎರಡು ಬೇರೆ ಬೇರೆ ಲೆಕ್ಕ ಇದೆ, ಎರಡನ್ನೂ ಕಲಸಬೇಡಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ಸಮೀಕ್ಷೆಯ ಅಂಕಿ ಬಂದಾಗ ಬದಲಿಸಿಕೊಳ್ಳಿ.

ಮೊದಲನೆಯದು ಊರಿನ ಒಳಗಿನ ದಿನನಿತ್ಯದ ಲೆಕ್ಕ. ನೂರು ಎಲೆಕ್ಟ್ರಿಕ್ ಆಟೊ ಇವೆ, ಅವುಗಳಲ್ಲಿ 40ಕ್ಕೆ ಮನೆಯಲ್ಲಿ ಚಾರ್ಜ್ ಮಾಡಲು ಆಗುವುದಿಲ್ಲ ಅಂದುಕೊಳ್ಳಿ. ಒಂದಕ್ಕೆ ದಿನಕ್ಕೆ 7 ಯೂನಿಟ್. 40 × 7 = 280 ಯೂನಿಟ್. 3.3 ಕಿಲೋವ್ಯಾಟ್ ಪಾಯಿಂಟ್ ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ಅಂದರೆ ಆಟೊ ಒಂದಕ್ಕೆ ಎರಡೂಕಾಲು, ಎರಡೂವರೆ ಗಂಟೆ. ಕಾಗದದ ಮೇಲೆ ಒಂದು ಪಾಯಿಂಟ್ 24 ಗಂಟೆಯಲ್ಲಿ ಹತ್ತು ಆಟೊಗಳಿಗೆ ಸಾಕು. ನಿಜದಲ್ಲಿ ಎಲ್ಲರೂ ಬರುವುದು ಮಧ್ಯಾಹ್ನ ಮತ್ತು ರಾತ್ರಿ. ದಿನಕ್ಕೆ ನಾಲ್ಕು ಆಟೊ ಅಂತ ಹಿಡಿಯಿರಿ. ಹತ್ತು ಪಾಯಿಂಟ್ ಬೇಕು. ಒಂದೆರಡು ಕೆಟ್ಟಿರುತ್ತವೆ ಅಂತ ಸೇರಿಸಿ ಹನ್ನೆರಡು ಮಾಡಿ. ಹನ್ನೆರಡನ್ನೂ ಒಂದೇ ಕಡೆ ಗುಡ್ಡೆ ಹಾಕದೆ ಮೂರು ಸ್ಟ್ಯಾಂಡ್‌ಗಳಿಗೆ ಹಂಚಿ.

ಎರಡನೆಯದು ಹೆದ್ದಾರಿಯ ಲೆಕ್ಕ. ಇಲ್ಲಿ ದಿನದ ಸರಾಸರಿಗೆ ಬೆಲೆಯಿಲ್ಲ, ದಟ್ಟಣೆಯ ಗಂಟೆಯನ್ನೇ ನೋಡಬೇಕು. ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟವರು ತಿಂಡಿ ಹೊತ್ತಿಗೆ ಚನ್ನರಾಯಪಟ್ಟಣ, ಹಾಸನದ ಸುತ್ತ ಇರುತ್ತಾರೆ. ಗಂಟೆಗೆ ನಾಲ್ಕು ಕಾರು, ಒಂದೊಂದಕ್ಕೆ 25 ಯೂನಿಟ್ ಅಂದುಕೊಳ್ಳಿ. 60 ಕಿಲೋವ್ಯಾಟ್ ಅಂತ ಬರೆದಿದ್ದರೂ ಬಹಳ ಕಾರುಗಳು ಅಷ್ಟನ್ನು ಎಳೆಯುವುದಿಲ್ಲ. ಬ್ಯಾಟರಿ ತುಂಬಿದ ಹಾಗೆಲ್ಲ ವೇಗವೂ ಇಳಿಯುತ್ತದೆ. ಸರಾಸರಿ 40 ಕಿಲೋವ್ಯಾಟ್ ಸಿಕ್ಕರೆ 25 ಯೂನಿಟ್‌ಗೆ ಸುಮಾರು 38 ನಿಮಿಷ. ನಾಲ್ಕು ಕಾರು ಅಂದರೆ 152 ನಿಮಿಷದ ಕೆಲಸ, ಅಂದರೆ ಎರಡೂವರೆ ಗನ್. ಮೂರೇ ಹಾಕಿದರೆ ಜನ ಕ್ಯೂನಲ್ಲಿ ಕಾಯಬೇಕಾಗುತ್ತದೆ, ಅದರಲ್ಲಿ ಒಂದು ಕೆಟ್ಟರೆ ಜಗಳವೇ. ನಾಲ್ಕು ಹಾಕಿ.

ಒಂದೇ ಗನ್ ಇರುವ ಹೆದ್ದಾರಿ ಸ್ಟೇಷನ್ ಮಾತ್ರ ಬೇಡ. ಅದನ್ನು ನಂಬಿ ಬಂದವರು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಹಂತ 4: ಕರೆಂಟ್ ಎಲ್ಲಿಂದ ಬರುತ್ತದೆ ಅಂತ ನೋಡಿಕೊಂಡು ಬನ್ನಿ

ಜಾಗ ಗೊತ್ತು ಮಾಡುವ ಮುಂಚೆಯೇ ಈ ಕೆಲಸ ಆಗಬೇಕು. ಎಷ್ಟೋ ಕಡೆ ಇದು ಉಲ್ಟಾ ಆಗುತ್ತದೆ. ಒಳ್ಳೆಯ ಜಾಗ ಸಿಕ್ಕಿತು ಅಂತ ಕರಾರು ಮಾಡಿ, ಆಮೇಲೆ ನೋಡಿದರೆ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ತಾಕತ್ತೇ ಇಲ್ಲ.

ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಜನ ಇನ್ನೂ ಕೆಇಬಿ ಅಂತಲೇ ಕರೆಯುವ ಆ ಸೆಕ್ಷನ್ ಆಫೀಸಿಗೆ ಹೋಗಿ. ಎಂಜಿನಿಯರ್ ಜೊತೆ ಮಾತಾಡಿ, ಆ ಏರಿಯಾದ ಲೈನ್‌ಮ್ಯಾನ್ ಜೊತೆಯಂತೂ ತಪ್ಪದೆ ಮಾತಾಡಿ. ಯಾವ ಟಿಸಿ ಬೇಸಿಗೆಯಲ್ಲಿ ಸುಡುತ್ತದೆ, ಯಾವ ಲೈನ್ ಮೇಲೆ ಮೊದಲ ಮಳೆಗೇ ಕೊಂಬೆ ಬೀಳುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.

100 ಕೆವಿಎ ಟಿಸಿ ಇದೆ, ಸಂಜೆ ಏಳಕ್ಕೆ ಟಾಂಗ್ ಟೆಸ್ಟರ್ (ಕರೆಂಟ್ ಅಳೆಯುವ ಉಪಕರಣ) ಹಿಡಿದು ನೋಡಿದರೆ 70 ಕೆವಿಎ ಎಳೆಯುತ್ತಿದೆ ಅನ್ನಿ. ಉಳಿದ 30ಕ್ಕೆ 30 ಕಿಲೋವ್ಯಾಟ್ ಚಾರ್ಜರ್ ಹಾಕುವುದು ಕೂಡ ಜಾಣತನವಲ್ಲ. ಸುತ್ತಲಿನ ಮನೆಗಳ ವೋಲ್ಟೇಜ್ ಬೀಳುತ್ತದೆ. ಚಾರ್ಜರ್ ಬಂದಮೇಲೆ ಬೀದಿಯ ದೀಪ ಮಿಣುಕಿದರೆ ಬೀದಿಯವರೇ ಅದನ್ನು ವಿರೋಧಿಸುತ್ತಾರೆ, ತಪ್ಪೂ ಇಲ್ಲ. ಹೆದ್ದಾರಿಯ ನಾಲ್ಕು ಗನ್‌ನಂಥ ದೊಡ್ಡ ಲೋಡಿಗೆ 11 ಕೆವಿ ಲೈನಿನಿಂದ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಮತ್ತು ಪ್ರತ್ಯೇಕ ಟಿಸಿಯೇ ಸರಿ. ನಾಲ್ಕು ಗನ್ 60ರಂತೆ 240 ಆದರೂ, ಲೋಡ್ ಹಂಚುವ ವ್ಯವಸ್ಥೆ ಇರುವ ಚಾರ್ಜರ್ ತಂದರೆ 180 ಕಿಲೋವ್ಯಾಟ್ ಮಂಜೂರಾತಿಯಲ್ಲಿ ನಡೆಯುತ್ತದೆ. ಖರ್ಚು ಉಳಿಯುತ್ತದೆ.

ಹಳ್ಳಿ ಕಡೆ ಒಂದು ಮಾತು ಮರೆಯಬೇಡಿ: ಫೀಡರ್, ಅಂದರೆ ಆ ಕಡೆಗೆ ಕರೆಂಟ್ ತರುವ ಲೈನ್, ಯಾವುದು ಅಂತ ಕೇಳಿ. ಪಂಪ್‌ಸೆಟ್‌ಗಳ ಐಪಿ ಫೀಡರ್ ಆದರೆ ದಿನಕ್ಕೆ ಕೆಲವೇ ಗಂಟೆ ತ್ರೀಫೇಸ್. ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರ್ಪಡಿಸಿದ ಫೀಡರ್ ಆದರೆ ಪರವಾಗಿಲ್ಲ. ಹೋದ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರೆಂಟ್ ಹೋದ ದಾಖಲೆ ಕೇಳಿ ತೆಗೆದುಕೊಳ್ಳಿ. ಜನವರಿಯ ದಾಖಲೆ ನೋಡಿ ಸಕಲೇಶಪುರಕ್ಕೆ ಯೋಜನೆ ಮಾಡಿದರೆ ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಕಾನೂನಿನ ವಿಚಾರ ಸಲೀಸಾಗಿದೆ. ಚಾರ್ಜಿಂಗ್ ಅನ್ನುವುದು ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಅರ್ಜಿ ಸರಿಯಿದ್ದರೆ ಪಟ್ಟಣ ಪ್ರದೇಶದಲ್ಲಿ 7 ದಿನ, ಗ್ರಾಮೀಣ ಭಾಗದಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕು ಅಂತ 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮ ಹೇಳುತ್ತದೆ. ಹೊಸ ಲೈನ್ ಎಳೆಯಬೇಕಿದ್ದರೆ ಸಮಯ ಜಾಸ್ತಿ ಹಿಡಿಯುತ್ತದೆ. ರಾಜ್ಯದಲ್ಲಿ ಈ ಕೆಲಸಕ್ಕೆ ನೋಡಲ್ ಸಂಸ್ಥೆ ಬೆಸ್ಕಾಂ. ಹಾಸನದವರೂ ಯೋಜನೆ, ಸಹಾಯಧನದ ವಿಚಾರಕ್ಕೆ ಅಲ್ಲಿ ಕೇಳಬೇಕು. ಕೇಂದ್ರ ಸರ್ಕಾರದ 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್‌ಗೆ ಅಂತಲೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ.

ಹಂತ 5: ಜಾಗ ಆರಿಸಿ

ಕೇಂದ್ರದ 2024ರ ಮಾರ್ಗಸೂಚಿ ಎರಡು ಅಳತೆ ಕೊಡುತ್ತದೆ. 2030ರ ಹೊತ್ತಿಗೆ ನಗರಗಳಲ್ಲಿ ಒಂದು ಕಿಲೋಮೀಟರ್ ಉದ್ದಗಲದ ಪ್ರತಿ ಚೌಕಕ್ಕೆ ಕನಿಷ್ಠ ಒಂದು ಸ್ಟೇಷನ್. ಹೆದ್ದಾರಿಯಲ್ಲಿ ಎರಡೂ ಬದಿಗೆ ಪ್ರತಿ 20 ಕಿಲೋಮೀಟರಿಗೆ ಒಂದು. ಶುರುವಿಗೆ ಒಳ್ಳೆಯ ಅಳತೆಗೋಲು. ಆದರೆ ಚೌಕಕ್ಕೆ ಬಡವ ಬಲ್ಲಿದ ಗೊತ್ತಾಗುವುದಿಲ್ಲ. ಮನೆಮನೆಗೂ ಗ್ಯಾರೇಜ್ ಇರುವ ಬಡಾವಣೆಯೂ ಒಂದು ಚೌಕ, ವಠಾರಗಳಿರುವ ಹಳೇ ಪೇಟೆಯೂ ಒಂದು ಚೌಕ. ಮೊದಲ ಕಂತಿನ ಚಾರ್ಜರ್‌ಗಳು ಎರಡನೆಯದಕ್ಕೆ ಹೋಗಬೇಕು.

ನಕ್ಷೆ ಹರಡಿ ಮೂರು ಬಣ್ಣ ಹಾಕಿ: ಮನೆಯಲ್ಲಿ ಚಾರ್ಜ್ ಮಾಡಲಾಗದವರು ಜಾಸ್ತಿ ಇರುವ ಕಡೆ, ಟಿಸಿಯಲ್ಲಿ ಜಾಗವಿರುವ ಕಡೆ, ಸರ್ಕಾರಿ ಜಮೀನು ಸಿಗುವ ಕಡೆ. ಮೂರೂ ಕೂಡಿದ ಕಡೆ ಶುರು ಮಾಡಿ. ಹಾಸನದಲ್ಲಾದರೆ ಬಸ್ ನಿಲ್ದಾಣದ ಆಟೊ ಸ್ಟ್ಯಾಂಡ್, ಮಾರುಕಟ್ಟೆ ಸುತ್ತಮುತ್ತ, ಸರ್ಕಾರಿ ಆಸ್ಪತ್ರೆ, ರೈಲ್ವೆ ನಿಲ್ದಾಣ ಇವುಗಳನ್ನು ಮೊದಲು ತೂಗಿ ನೋಡಬಹುದು. ಸರ್ಕಾರಿ ಜಾಗ ಕೊಟ್ಟರೆ ಬಾಡಿಗೆಯ ಬದಲು ಯೂನಿಟ್‌ಗೆ 1 ರೂಪಾಯಿ ಆದಾಯ ಹಂಚಿಕೆ ಅನ್ನುವ ಮಾದರಿ ಮಾರ್ಗಸೂಚಿಯಲ್ಲಿದೆ. ಸಣ್ಣ ಊರಿಗೆ ಇದು ಒಪ್ಪುತ್ತದೆ.

ಜಾಗವೇ ಇಲ್ಲದ ಕಿಷ್ಕಿಂಧೆಗಳಿಗೆ ಕೇರಳದ ದಾರಿ ಇದೆ. ಅಲ್ಲಿನ ಕೆಎಸ್‌ಇಬಿ 2021ರಲ್ಲಿ ಕೋಯಿಕ್ಕೋಡ್‌ನಲ್ಲಿ ವಿದ್ಯುತ್ ಕಂಬಗಳಿಗೇ ಆಟೊ, ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಹಾಕಲು ಶುರು ಮಾಡಿತು. ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿಸಿತು. ಕಂಬ ಇದ್ದೇ ಇದೆ, ಲೈನ್ ಇದ್ದೇ ಇದೆ.

ಫುಟ್‌ಪಾತ್ ಮೇಲೆ ಮಾತ್ರ ಹಾಕಬೇಡಿ. ಇವಿ ಇಟ್ಟವರಿಗೆ ಅನುಕೂಲ ಮಾಡಲು ನಡೆಯುವವರನ್ನು ರಸ್ತೆಗಿಳಿಸುವುದು ಯಾವ ನ್ಯಾಯ?

ತಾಲ್ಲೂಕುಗಳ ವಿಚಾರ. ಹಾಸನದಿಂದ ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರ ಮೂರೂ ಸುಮಾರು 40 ಕಿಲೋಮೀಟರ್. ಇವುಗಳಲ್ಲಿ ಸಕಲೇಶಪುರಕ್ಕೆ ಹೆಚ್ಚು ಗಮನ ಬೇಕು. ಮಂಗಳೂರಿನಿಂದ ಬರುವ ಕಾರು ಶಿರಾಡಿ ಘಾಟಿ ಹತ್ತುವಾಗ ಬ್ಯಾಟರಿ ಭರಭರನೆ ಇಳಿಯುತ್ತದೆ. ಇಳಿಯುವವರಿಗೆ ಬ್ರೇಕಿನಿಂದ ಸ್ವಲ್ಪ ವಾಪಸ್ ಸಿಗುತ್ತದೆ, ಹತ್ತುವವರಿಗೆ ಸಿಗುವುದಿಲ್ಲ. ಹಾಗಾಗಿ ಘಾಟಿಯ ಬುಡದಲ್ಲೊಂದು, ತಲೆಯಲ್ಲೊಂದು ಸ್ಟೇಷನ್ ಇರಬೇಕು. ಬುಡದ ಜಾಗ ದಕ್ಷಿಣ ಕನ್ನಡಕ್ಕೆ ಸೇರುತ್ತದೆ, ಮೆಸ್ಕಾಂ ವ್ಯಾಪ್ತಿ. ಎರಡು ಜಿಲ್ಲೆಯವರೂ ಒಂದು ಸಲ ಕೂತು ಮಾತಾಡಬೇಕು.

ಮಳೆಗಾಲದಲ್ಲಿ ಶಿರಾಡಿ ಕುಸಿದು ಬಂದ್ ಆಗುವುದು ಹೊಸದಲ್ಲ. 2018ರಲ್ಲೂ ಆಯಿತು, 2024ರಲ್ಲೂ ಆಯಿತು. ಆಗ ಗಾಡಿಗಳು ಚಾರ್ಮಾಡಿ ಕಡೆಗೋ ಮಡಿಕೇರಿ–ಸಂಪಾಜೆ ಕಡೆಗೋ ತಿರುಗುತ್ತವೆ. ಆ ಬದಲಿ ದಾರಿಯಲ್ಲೂ ಚಾರ್ಜರ್ ಇದೆಯಾ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ದಿನನಿತ್ಯ ಅಲ್ಲಿ ವ್ಯಾಪಾರ ಕಡಿಮೆ ಇರಬಹುದು. ಅದಕ್ಕೇ ಖಾಸಗಿಯವರು ತಾವಾಗಿ ಹೋಗುವುದಿಲ್ಲ, ಸರ್ಕಾರದ ದುಡ್ಡು ಹೋಗಬೇಕಾದದ್ದು ಇಂಥ ಕಡೆಗೇ. ಇನ್ನೊಂದು ಮಾತು: ಸಕಲೇಶಪುರ, ಆಲೂರು ಕಡೆ ಕಾಡಾನೆ ಓಡಾಡುವ ಒಂಟಿ ಜಾಗ ಬೇಡ. ರಾತ್ರಿ ಹನ್ನೊಂದಕ್ಕೆ ಮುಕ್ಕಾಲು ಗಂಟೆ ಅಲ್ಲಿ ಯಾರು ಕಾರಿನಲ್ಲಿ ಕೂತಿರುತ್ತಾರೆ?

ಹಂತ 6: ಯಾವ ಗನ್, ಯಾವ ಪೆಟ್ಟಿಗೆ

ಕಾರಿಗೆ ವೇಗದ ಡಿಸಿಯಲ್ಲಿ ಸಿಸಿಎಸ್-2, ನಿಧಾನದ ಎಸಿಯಲ್ಲಿ ಟೈಪ್-2 ಕನೆಕ್ಟರ್. ಇದರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ಸ್ಕೂಟರ್, ಆಟೊಗಳಲ್ಲಿ. ಸ್ಕೂಟರ್ ಕಂಪನಿ ಏಥರ್ ರೂಪಿಸಿದ ಎಲ್‌ಇಸಿಸಿಎಸ್ ಕನೆಕ್ಟರನ್ನು ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2023ರಲ್ಲಿ ಭಾರತೀಯ ಮಾನಕವಾಗಿ ಒಪ್ಪಿತು. ಆದರೂ ಎಲ್ಲ ಕಂಪನಿಗಳೂ ಅದನ್ನೇ ಬಳಸುತ್ತಿಲ್ಲ. ಒಂದು ಕಂಪನಿಯ ಗಾಡಿಗೆ ಮಾತ್ರ ಹೊಂದುವ ಚಾರ್ಜರಿಗೆ ಸಾರ್ವಜನಿಕ ಹಣ ಹಾಕಬೇಡಿ. 16 ಆಂಪ್‌ನ ಮಾಮೂಲಿ ಮೂರು ಪಿನ್ ಸಾಕೆಟ್, ಮೀಟರ್ ಮತ್ತು ಸುರಕ್ಷತಾ ಬ್ರೇಕರ್ ಸಮೇತ, ಎಲ್ಲರಿಗೂ ಆಗುತ್ತದೆ. ಮನೆಯ ಚಾರ್ಜರನ್ನೇ ತಂದು ಚುಚ್ಚಿಕೊಳ್ಳುತ್ತಾರೆ. ನೋಡಲು ಭರ್ಜರಿಯಾಗಿಲ್ಲ, ಆದರೆ ಕೆಡುವುದೂ ಕಡಿಮೆ.

ಟೆಂಡರಿನಲ್ಲಿ ಒಸಿಪಿಪಿ ಬೆಂಬಲ ಕಡ್ಡಾಯ ಮಾಡಿ. ಇದು ಚಾರ್ಜರ್ ಮತ್ತು ಸರ್ವರ್ ಮಾತಾಡುವ ಮುಕ್ತ ಭಾಷೆ. ಇದಿದ್ದರೆ ನಾಳೆ ನಡೆಸುವ ಕಂಪನಿ ಮುಚ್ಚಿಹೋದರೂ ಪೆಟ್ಟಿಗೆ ಗುಜರಿಗೆ ಹೋಗುವುದಿಲ್ಲ, ಬೇರೆಯವರು ಅದನ್ನೇ ನಡೆಸಬಹುದು.

ಪೆಟ್ಟಿಗೆ ಇಡುವ ರೀತಿಗೂ ಬೆಲೆಯಿದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಸ್ಕ್ರೀನ್ ಎಟುಕಬೇಕು, ನಡುವೆ ಎತ್ತರದ ಕಟ್ಟೆ ಇರಬಾರದು, ಬಾಗಿಲು ಪೂರ್ತಿ ತೆಗೆಯುವಷ್ಟು ಅಗಲ ಬೇಕು. ಡಿಸಿ ಕೇಬಲ್ ಭಾರ ಜಾಸ್ತಿ. ಮೇಲಿನಿಂದ ತೂಗುಬಿಡುವ ವ್ಯವಸ್ಥೆ ಇದ್ದರೆ ವಯಸ್ಸಾದವರೂ ಎತ್ತಬಹುದು. ಬ್ರಿಟನ್‌ನಲ್ಲಿ ಇದಕ್ಕಾಗಿಯೇ 2022ರಲ್ಲಿ ಒಂದು ಮಾನಕ ತಂದರು. ದೀಪ, ಮೇಲೊಂದು ಶೀಟು, ಹತ್ತಿರದಲ್ಲಿ ಶೌಚಾಲಯ. ಸ್ಕ್ರೀನ್ ಮೇಲೆ ಕನ್ನಡ, ಸಹಾಯವಾಣಿಯಲ್ಲಿ ಕನ್ನಡ ಮಾತಾಡುವವರು. ಇದನ್ನು ವಿನಂತಿಯಾಗಿ ಬರೆಯದೆ ಷರತ್ತಾಗಿ ಬರೆಯಿರಿ.

ಹಂತ 7: ದರ

ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಯೂನಿಟ್‌ಗೆ 6 ರೂಪಾಯಿ ಆಸುಪಾಸು. ಗೃಹಜ್ಯೋತಿಯ ಮಿತಿಯೊಳಗಿದ್ದರೆ ಅದೂ ಇಲ್ಲ. ಹೊರಗಿನ ವೇಗದ ಚಾರ್ಜರಿನಲ್ಲಿ 20 ರೂಪಾಯಿ ದಾಟುವುದು ಸಾಮಾನ್ಯ. ಜೊತೆಗೆ ಶೇ 18 ಜಿಎಸ್‌ಟಿ. ಈ ಜಿಎಸ್‌ಟಿ ಪ್ರಶ್ನೆ ಎತ್ತಿದ್ದು ನಮ್ಮ ಸೆಸ್ಕ್ ಸಂಸ್ಥೆಯೇ. ಚಾರ್ಜಿಂಗ್ ಪೂರ್ತಿ ಸೇವೆ, ಶೇ 18 ತೆರಿಗೆ ಬೀಳುತ್ತದೆ ಅಂತ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಲೆಕ್ಕ ಎಲ್ಲಿಗೆ ಬಂತು ನೋಡಿ: ಸ್ವಂತ ಗ್ಯಾರೇಜ್ ಇದ್ದವರಿಗೆ ಅಗ್ಗ, ಇಲ್ಲದವರಿಗೆ ಮೂರು ಪಟ್ಟು.

ಇದನ್ನು ಪೂರ್ತಿ ಸರಿ ಮಾಡುವುದು ಊರಿನ ಕೈಯಲ್ಲಿಲ್ಲ, ಸ್ವಲ್ಪ ತಗ್ಗಿಸುವುದು ಇದೆ. ನಿಧಾನದ ಪಾಯಿಂಟ್‌ಗಳನ್ನು ಹೆಚ್ಚು ಹಾಕಿ, ಅವುಗಳ ಬಂಡವಾಳ ಕಡಿಮೆ, ಹಾಗಾಗಿ ದರವೂ ಕಡಿಮೆ ಇಡಬಹುದು. ಬಿಸಿಲ ಹೊತ್ತಿನ ಅಗ್ಗದ ಕರೆಂಟನ್ನು ಬಳಸಿಕೊಳ್ಳಿ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸ್ಟೇಷನ್‌ಗಳಿಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ಅನ್ನುವುದು ಕೇಂದ್ರದ ಮಾರ್ಗಸೂಚಿ. ಮೇಲೆ ಮಾತಾಡಿದ ಆಟೊ ಅಣ್ಣ ಸುಮ್ನೆ ನಿಂತಿರುವುದೂ ಅದೇ ಹನ್ನೊಂದರಿಂದ ಮೂರರವರೆಗೆ! ನಿಮ್ಮ ಲೆಕ್ಕಕ್ಕೆ ಮಾತ್ರ ಆ ವರ್ಷದ ಕೆಇಆರ್‌ಸಿ (ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ) ದರ ಆದೇಶವನ್ನೇ ಹಿಡಿಯಿರಿ.

ಬೆಲೆ ಹೇಳುವ ರೀತಿಗೆ ಎರಡು ಷರತ್ತು. ತೆರಿಗೆ ಸೇರಿ ಯೂನಿಟ್‌ಗೆ ಇಷ್ಟು ಅಂತ ದೂರದಿಂದಲೇ ಕಾಣುವ ಬೋರ್ಡ್ ಇರಬೇಕು, ಪೆಟ್ರೋಲ್ ಬಂಕಿನಲ್ಲಿ ಇರುವ ಹಾಗೆ. ಆ್ಯಪ್ ಹಾಕಿಕೊಳ್ಳದೆ, ವಾಲೆಟ್‌ಗೆ ಮುಂಚೆಯೇ ದುಡ್ಡು ತುಂಬದೆ, ನೇರ ಯುಪಿಐನಲ್ಲಿ ಕಟ್ಟಲು ಆಗಬೇಕು. ಹತ್ತು ಕಂಪನಿಯ ಹತ್ತು ವಾಲೆಟ್‌ಗಳಲ್ಲಿ ಇನ್ನೂರು ಇನ್ನೂರು ರೂಪಾಯಿ ಸಿಕ್ಕಿಕೊಳ್ಳುವುದು ಕಾರಿನವರಿಗೆ ರಗಳೆ. ದಿನಗೂಲಿಯ ಆಟೊದವರಿಗೆ ಅದರಲ್ಲಿ ಒಂದು ಇನ್ನೂರೇ ಮೂರು ದಿನದ ತರಕಾರಿ. ಯುಪಿಐ ಇಲ್ಲದವರಿಗೆ ಪಕ್ಕದ ಅಂಗಡಿಯವರೇ ನಗದು ಪಡೆದು ಶುರು ಮಾಡಿಕೊಡುವ ಏರ್ಪಾಡು ಇರಲಿ.

ಚಾರ್ಜ್ ಮುಗಿದ ಮೇಲೂ ಗಾಡಿ ತೆಗೆಯದಿದ್ದರೆ ಹತ್ತು ನಿಮಿಷ ಬಿಟ್ಟು ಕಾಯಿಸುವ ಶುಲ್ಕ ಹಾಕಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಧಾನದ ಪಾಯಿಂಟ್‌ಗಳಿಗೆ ಇದು ಬೇಡ. ನಿದ್ದೆಯಿಂದ ಎದ್ದು ಬಂದು ಆಟೊ ಸರಿಸು ಅನ್ನುವುದು ಸರಿಯಲ್ಲ.

ಹಂತ 8: ಕರಾರು

ಜಾಲ ಬಾಳುತ್ತದೋ ಇಲ್ಲವೋ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಸಹಾಯಧನ ಪೂರ್ತಿ ಮೊದಲೇ ಕೊಟ್ಟರೆ ರಿಪೇರಿಗೆ ಯಾರಿಗೂ ಆಸಕ್ತಿ ಇರುವುದಿಲ್ಲ. ಒಂದು ಭಾಗ ಅಳವಡಿಸಿದಾಗ, ಉಳಿದದ್ದು ಐದು ವರ್ಷ ಕಂತಿನಲ್ಲಿ, ಅದೂ ಯಶಸ್ವಿಯಾದ ಚಾರ್ಜಿಂಗ್‌ಗಳ ಲೆಕ್ಕ ನೋಡಿ.

ಲಾಭದ ಜಾಗ, ನಷ್ಟದ ಜಾಗ ಎರಡನ್ನೂ ಒಂದೇ ಗಂಟು ಕಟ್ಟಿ ಟೆಂಡರ್ ಕರೆಯಿರಿ. ಹೆದ್ದಾರಿಯ ಒಂದು ಜಾಗ ಬೇಕೆಂದರೆ ಅದರ ಜೊತೆ ಹಳೇ ಪೇಟೆಯದ್ದೊಂದು, ಅರಕಲಗೂಡಿನದ್ದೊಂದು ತೆಗೆದುಕೊಳ್ಳಲೇಬೇಕು. ಬಿಡಿಬಿಡಿಯಾಗಿ ಮಾರಿದರೆ ಹೆದ್ದಾರಿಗೆ ಹತ್ತು ಜನ ಬರುತ್ತಾರೆ, ಅರಕಲಗೂಡಿಗೆ ಯಾರೂ ಬರುವುದಿಲ್ಲ.

ದುರಸ್ತಿಗೆ ಗಡುವು ಬರೆಯಿರಿ. ದೂರದಿಂದ ರೀಸೆಟ್ ಮಾಡಿ ಸರಿಯಾಗುವುದು ಅರ್ಧ ಗಂಟೆಯಲ್ಲಿ, ಆಳು ಬರಬೇಕಾದದ್ದು 24 ಗಂಟೆಯಲ್ಲಿ, ಬಿಡಿಭಾಗ ಬೇಕಾದದ್ದು 72 ಗಂಟೆಯಲ್ಲಿ. ಗನ್, ಕೇಬಲ್, ಪವರ್ ಮಾಡ್ಯೂಲ್, ಕಾರ್ಡ್ ರೀಡರ್ ಇವುಗಳ ದಾಸ್ತಾನು ಜಿಲ್ಲೆಯೊಳಗೇ ಇರಬೇಕು. ಗಡುವು ದಾಟಿದರೆ ದಂಡ ತಾನಾಗಿಯೇ ಬಿಲ್ಲಿನಲ್ಲಿ ಮುರಿಯಬೇಕು, ಅದಕ್ಕೆ ಅಧಿಕಾರಿ ಪತ್ರ ಬರೆಯುವ ಅಗತ್ಯ ಬೀಳಬಾರದು. ಮೂರು ತಿಂಗಳು ಸತತವಾಗಿ ಗುರಿ ಮುಟ್ಟದಿದ್ದರೆ ಜಾಗ ಬೇರೆಯವರಿಗೆ ಕೊಡುವ ಹಕ್ಕು ನಿಮ್ಮ ಕೈಯಲ್ಲಿರಲಿ.

ಪ್ರತಿ ಗನ್‌ನ ಸ್ಥಿತಿ ಎಲ್ಲರಿಗೂ ಕಾಣಬೇಕು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ (ಬಿಇಇ) ನಡೆಸುವ ಇವಿ ಯಾತ್ರಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ನಿಜಸ್ಥಿತಿ ಅಲ್ಲಿಗೆ ಹೋಗುವಂತೆ ನೋಡಿಕೊಳ್ಳಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸ್ಟೇಷನ್ ಸಂಖ್ಯೆ, ಫೋನ್ ನಂಬರ್ ಇರಲಿ. ಕರೆಂಟೇ ಇಲ್ಲದಿದ್ದರೆ 1912ಕ್ಕೆ ಕರೆ ಮಾಡಿ ಅಂತಲೂ ಬರೆಸಿ. ಎಷ್ಟೋ ಸಲ ಕೆಟ್ಟಿರುವುದು ಚಾರ್ಜರ್ ಅಲ್ಲ, ಲೈನು.

ಹಂತ 9: ಮಳೆ, ಮಿಂಚು, ಒಣ ನೆಲ

ಮಲೆನಾಡಿನ ಅಂಚಿನಲ್ಲಿ ಏಪ್ರಿಲ್–ಮೇ ಸಿಡಿಲಿನ ಕಾಲ. ಸರ್ಜ್ ಪ್ರೊಟೆಕ್ಟರ್ ಇಲ್ಲದ ಚಾರ್ಜರ್ ಒಂದೇ ಸಿಡಿಲಿಗೆ ಹೋಗುತ್ತದೆ. ನೀರು ನಿಲ್ಲುವ ಗುರುತು ಅಕ್ಕಪಕ್ಕದ ಗೋಡೆಯ ಮೇಲೆ ಇದ್ದೇ ಇರುತ್ತದೆ. ಪೀಠ ಅದಕ್ಕಿಂತ ಮೇಲಿರಲಿ.

ಅರಸೀಕೆರೆ ಕಡೆ ಸಮಸ್ಯೆ ತದ್ವಿರುದ್ಧ. ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಕೈಕೊಡುತ್ತದೆ. ಕರೆಂಟ್ ಇದೆ, ಸ್ಕ್ರೀನ್ ಹತ್ತಿದೆ, ಗನ್ ಹಾಕಿದರೆ ಮಾತ್ರ ಅರ್ತ್ ಫಾಲ್ಟ್ ಅಂತ ತೋರಿಸಿ ನಿಲ್ಲುತ್ತದೆ. ಯಾವುದೋ ದೊಡ್ಡ ದೋಷ ಅಂತ ಬೆಂಗಳೂರಿನಿಂದ ತಂತ್ರಜ್ಞ ಬರುವವರೆಗೆ ವಾರ ಕಳೆಯುತ್ತದೆ. ಅರ್ತ್ ಪಿಟ್‌ಗೆ ವಾರಕ್ಕೊಮ್ಮೆ ನೀರು ಹಾಕಿ, ತಿಂಗಳಿಗೊಮ್ಮೆ ಅಳತೆ ನೋಡಿ, ನೋಂದಣಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಪಕ್ಕದ ಅಂಗಡಿಯವರಿಗೋ ಸ್ಟ್ಯಾಂಡಿನ ಸಂಘಕ್ಕೋ ಒಂದಿಷ್ಟು ಗೌರವಧನ ಕೊಟ್ಟು ಒಪ್ಪಿಸಿ. ಅವರಿಗೆ ತುರ್ತು ಸ್ವಿಚ್, ಬ್ರೇಕರ್ ತೋರಿಸಿಕೊಡಿ.

ಇಂಟರ್‌ನೆಟ್‌ಗೆ ಎರಡು ಕಂಪನಿಯ ಸಿಮ್ ಇರಲಿ. ಎರಡೂ ಸತ್ತಾಗ ನಿತ್ಯದ ಗ್ರಾಹಕರ ಕಾರ್ಡ್ ಗುರುತಿಸಿ ಚಾರ್ಜ್ ಶುರು ಮಾಡುವ ಸೌಲಭ್ಯ ಚಾರ್ಜರಿನೊಳಗೇ ಇರಲಿ, ಲೆಕ್ಕ ಆಮೇಲೆ ಆಗುತ್ತದೆ. ಘಾಟಿಯ ತಲೆಯ ಸ್ಟೇಷನ್‌ಗಂತೂ ಇದು ಬೇಕೇಬೇಕು.

ಹಂತ 10: ತೆರೆಯುವ ಮೊದಲು, ತೆರೆದ ಮೇಲೆ

ಉದ್ಘಾಟನೆಗೆ ಮುಂಚೆ ಎರಡು ವಾರ ಪರೀಕ್ಷೆ ನಡೆಸಿ. ಬೇರೆ ಬೇರೆ ಕಂಪನಿಯ ಕಾರು, ಆಟೊ, ಸ್ಕೂಟರ್ ತರಿಸಿ. ಕಂಪನಿಯವರು ನಿಂತು ತೋರಿಸುವುದು ಬೇಡ. ಅದನ್ನು ಯಾವತ್ತೂ ನೋಡದವರ ಕೈಗೆ ಗನ್ ಕೊಟ್ಟು ದೂರ ನಿಂತು ನೋಡಿ. ಎಲ್ಲಿ ತಡವರಿಸುತ್ತಾರೋ ಅಲ್ಲೊಂದು ಬೋರ್ಡ್ ಬೇಕು. ಒಂದು ಪರೀಕ್ಷೆ ರಾತ್ರಿ ಹತ್ತಕ್ಕೆ ಇರಲಿ, ಇನ್ನೊಂದು ಜೋರು ಮಳೆಯಲ್ಲಿ.

ಹಾಸನಾಂಬೆಯ ಬಾಗಿಲು ತೆರೆಯುವ ದೀಪಾವಳಿ ಹೊತ್ತಿಗೆ ಬೇರೆಯೇ ತಯಾರಿ ಬೇಕು. ಆ ಕೆಲವು ದಿನಕ್ಕೆ ಅಂತ ಶಾಶ್ವತ ಚಾರ್ಜರ್ ಹಾಕುವುದು ದಂಡ. ಊರಾಚೆಯ ಪಾರ್ಕಿಂಗ್ ಜಾಗಗಳಲ್ಲಿ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡು 16 ಆಂಪ್ ಸಾಕೆಟ್‌ಗಳ ಸಾಲು ಹಾಕಿ. ದರ್ಶನಕ್ಕೆ ಗಂಟೆಗಟ್ಟಲೆ ಹೇಗೂ ನಿಲ್ಲುತ್ತಾರೆ, ನಿಧಾನದ ಚಾರ್ಜ್ ಸಾಕು. ಆಟೊ ಸ್ಟ್ಯಾಂಡಿನ ಪಾಯಿಂಟ್‌ಗಳನ್ನು ಆ ದಿನಗಳಲ್ಲಿ ಹೊರಗಿನ ಕಾರುಗಳಿಗೆ ಬಿಡಬೇಡಿ.

ಆರು ತಿಂಗಳಾದ ಮೇಲೆ ಬಳಕೆಯ ಲೆಕ್ಕ ತೆಗೆಯಿರಿ. 60 ಕಿಲೋವ್ಯಾಟ್ ಚಾರ್ಜರ್ ಶೇ 10ರಷ್ಟು ಬಳಕೆಯಾದರೂ ದಿನಕ್ಕೆ 144 ಯೂನಿಟ್. ಅಷ್ಟೂ ಇಲ್ಲದಿದ್ದರೆ ಏಕೆ ಅಂತ ಹೋಗಿ ನೋಡಿ. ಬೋರ್ಡ್ ಕಾಣುವುದಿಲ್ಲವಾ, ಪೆಟ್ರೋಲ್ ಕಾರುಗಳು ಅಡ್ಡ ನಿಲ್ಲುತ್ತವಾ, ಒಂದು ಸಲ ಕೆಟ್ಟಿದ್ದಕ್ಕೆ ಜನ ಬರುವುದನ್ನೇ ಬಿಟ್ಟರಾ? ಮೊದಲ ಎರಡಕ್ಕೆ ವಾರದಲ್ಲಿ ಪರಿಹಾರ ಇದೆ. ಮೂರನೆಯದಕ್ಕೆ ಸ್ಟ್ಯಾಂಡಿಗೆ ಹೋಗಿ ಮಾತಾಡಬೇಕು, ಒಂದು ವಾರ ಅರ್ಧ ದರ ಇಡಬೇಕು. ಜಾಗವೇ ತಪ್ಪಾಗಿದ್ದರೆ ಪೆಟ್ಟಿಗೆ ಕಿತ್ತು ಬೇರೆ ಕಡೆ ಹಾಕಿ. ಆ ಖರ್ಚು ಯಾರದು ಅನ್ನುವ ಸಾಲನ್ನು ಕರಾರಿನಲ್ಲಿ ಮೊದಲೇ ಬರೆದಿಡಿ. ಘಾಟಿ ದಾರಿಯವು, ಬದಲಿ ದಾರಿಯವು ಮಾತ್ರ ಬಳಕೆ ಕಡಿಮೆ ಅಂತ ಕೀಳಬೇಡಿ. ಅವುಗಳ ಲೆಕ್ಕ ಜುಲೈನಲ್ಲಿ, ರಸ್ತೆ ಬಂದ್ ಆದ ವಾರದಲ್ಲಿ ನೋಡಬೇಕು.